ಒತ್ತಿ ಕೂತದ್ದು

ಖಲ್ಫಾನನ ಪಿಕಪ್ಪು ವಾದಿ ಕಬೀರಿನ ನಮ್ಮ ಶೆಡ್ಡಿಗೆ ಬಂದಾಗ
ಹಿಂದೆ ಇನ್ನೂರು ಕಿಲೋ ಮೀನು,
ಮೀನಿನ ಮೇಲೆ ಐಸು, ಐಸಿನ ಮೇಲೆ ಗೋಣಿ,
ಗೋಣಿಯ ಮೇಲೆ ಜುಲೈ.

ನನಗೆ ಅದು ಅಂಜಲ್, ಅಂಕೋಲೆಯ ಬೀರಣ್ಣನಿಗೆ ಇಸೋಣ,
ಹಿಡಿದವನಿಗೆ ಕನಾದ್.
ಮೂರು ಹೆಸರಿಗೂ ಒಂದೇ ಸಮ ಕರಗುತ್ತಿತ್ತು ಐಸು.

ಕುರಿಯಾತಿನ ಗುಡ್ಡದ ತಿರುವಿನಲ್ಲಿ
ಸ್ಟೇರಿಂಗು ಕೋಣನ ಕತ್ತಿನ ಹಾಗೆ ಬಿಗಿದುಕೊಂಡಿತಂತೆ.
ಬೇಗ ಅಂದ. ಬೇಗ ಎನ್ನಲು ನನಗೆ ಆರು ಭಾಷೆ ಗೊತ್ತು,
ಒಂದರಲ್ಲೂ ಆ ಮಾತನ್ನು
ನಿಧಾನಕ್ಕೆ ಆಡಿದವರನ್ನು ಕಂಡಿಲ್ಲ.

ಬಾನೆಟ್ ಎತ್ತಿದರೆ ಪಂಪಿನ ಪುಲ್ಲಿ
ಅಂಚು ಸೀಳಿ ಬೆಲ್ಟನ್ನು ಅಗಿಯುತ್ತಿದೆ.
ಮೊದಲು ಕೀಲಿ ಕೊಡು ಅಂದೆ.
ಯಾಕೆ, ಓಡಿಹೋಗುತ್ತೇನೆಯೇ, ನಕ್ಕ. ಕೊಟ್ಟ.
ಕೀಲಿ ನನ್ನ ಜೇಬಿನಲ್ಲಿರುವ ತನಕ
ನನ್ನ ಕೈ ನನ್ನದು.
ಬ್ಯಾಟರಿಯ ಮೈನಸ್ ಬಿಚ್ಚಿ ಬದಿಗೆ ಬಾಗಿಸಿ,
ಎಂಜಿನ್ನು ತಣಿಯಲೆಂದು ಅರ್ಧ ಗಂಟೆ ಕಾದೆ.
ಈ ಊರಲ್ಲಿ ತಣಿಯುವುದೆಂದರೆ
ಮುಟ್ಟಿದರೆ ಬೊಬ್ಬೆ ಏಳದಷ್ಟು, ಅಷ್ಟೇ.

ಬೀರಣ್ಣ ಸುತ್ತಿಗೆ ತಂದ.
ಎರಡೇ ಪೆಟ್ಟು ಉಸ್ತಾದ್, ಹಾರಿ ಬರ್ತದೆ.
ಬರ್ತದೆ. ಶಾಫ್ಟು ಸೊಟ್ಟಗಾಗಿ,
ಒಳಗಿನ ಸೀಲು ಹರಿದು, ಪಂಪೂ ಜೊತೆಗೇ ಬರ್ತದೆ.
ಉಳ್ಳಾಲದ ಹಸನಬ್ಬ ನನಗೆ ಹೇಳಿದ್ದನ್ನೇ ಹೇಳಿದೆ:
ಇದು ಬಡಿದು ಕೂರಿಸಿದ್ದಲ್ಲ ಮಗಾ,
ಒತ್ತಿ ಕೂರಿಸಿದ್ದು.
ಒತ್ತಿ ಬಂದದ್ದನ್ನು ಎಳೆದೇ ಕಳಿಸಬೇಕು.

ಬೆಲ್ಟು ಸಡಿಲಿಸಿ ತೆಗೆದೆವು.
ಪುಲ್ಲರಿನ ಎರಡು ತುಂಡು ಪುಲ್ಲಿಯ ಕುತ್ತಿಗೆ ಹಿಡಿದವು,
ನಡುವಿನ ಬೋಲ್ಟು ಶಾಫ್ಟಿನ ಹಣೆಗೆ ತಾಗಿತು.
ಒಂದು ಪಾನಾ ತಿರುಗಿಸಲು, ಒಂದು ಹಿಡಿದಿರಲು.
ಹಿಡಿಯುವವನು ನೀನು, ಅಂದೆ ಬೀರಣ್ಣನಿಗೆ.
ಮುಖ ಸಣ್ಣದಾಯಿತು. ಹಿಡಿಯುವುದೂ ಕೆಲಸ
ಎಂದು ತಿಳಿಯಲು ನನಗೂ ವರ್ಷ ಹಿಡಿದಿತ್ತು.
ಕಾಲು ಸುತ್ತು. ಏನಿಲ್ಲ. ಕಾಲು ಸುತ್ತು.
ಗಾಡಿಯ ಹಿಂದೆ ಟಪ್ ಟಪ್ ಮೀನಿನ ನೀರು.
ಮತ್ತೆ ಕಾಲು ಸುತ್ತು. ಕಿರ್ರ್ ಎಂದು
ಒಂದು ಕೂದಲೆಳೆ ಸರಿಯಿತು.
ಆಮೇಲಿನದು ತಾನಾಗಿ ನಡೆಯಿತು.

ಹೊಸದನ್ನು ಕೂರಿಸುವಾಗ
ಬೋಲ್ಟು ಶಾಫ್ಟಿನ ಒಳಕ್ಕೆ
ಏಳೆಂಟು ಸುತ್ತು ಬರಿ ಬೆರಳಲ್ಲೇ ಹೋಗಬೇಕು.
ಎರಡೇ ಸುತ್ತಿಗೆ ಪಾನಾ ಹಾಕಿದವನು
ಥ್ರೆಡ್ಡು ಕಿತ್ತು, ಸಂಬಳ ಕಿತ್ತು, ಊರಿಗೆ ಹೋಗಿದ್ದಾನೆ.
ಒತ್ತು, ನಿಲ್ಲು, ನೋಡು. ಒತ್ತು.
ಶಾಫ್ಟಿನ ತುದಿಯೂ ಪುಲ್ಲಿಯ ಮುಖವೂ
ಒಂದೇ ಮಟ್ಟಕ್ಕೆ ಬಂದದ್ದನ್ನು
ಎಡಗೈಯ ಅರ್ಧ ಬೆರಳು ಸವರಿ ಹೇಳುತ್ತದೆ.
ಇಡೀ ಇದ್ದಾಗ ಅದಕ್ಕೆ ಇಷ್ಟು ಬುದ್ಧಿ ಇರಲಿಲ್ಲ.

ಆ ಬೆರಳು ಮನೆಯವರಿಗೆ ಕಾರಿನ ಬಾಗಿಲು ಕಚ್ಚಿದ್ದು,
ಬೀರಣ್ಣನಿಗೆ ಶಾರ್ಕು ತಿಂದದ್ದು.
ನಿಜವಾಗಿ, ನಾನು ಬೆಲ್ಟು ಏರಿಸುತ್ತಿದ್ದೆ,
ಕೀಲಿ ಗಾಡಿಯಲ್ಲೇ ಇತ್ತು,
ಯಾರೋ ಒಳ್ಳೆಯವನು, ಸಹಾಯಕ್ಕೆಂದು, ತಿರುಗಿಸಿದ.

ಸ್ಟೀಲಿನ ಪಟ್ಟಿ ಇಟ್ಟು ಪುಲ್ಲಿಗಳ ಗಾಡಿ ನೇರ ನೋಡಿದೆ.
ಬೆಲ್ಟು ಏರಿತು, ಬ್ಯಾಟರಿ ಕೂಡಿತು.
ಕೀಲಿ ಕೊಡುವ ಮುಂಚೆ ನಮ್ಮ ಶೆಡ್ಡಿನ ಪದ್ಧತಿ:
ಕೈ, ಎಂದು ಕೂಗುತ್ತೇನೆ.
ಇದ್ದವರೆಲ್ಲ ಎರಡೂ ಕೈ ಮೇಲೆತ್ತಬೇಕು.
ಬೀರಣ್ಣ ಎತ್ತಿದ, ನಾನು ಎತ್ತಿದೆ,
ಖಲ್ಫಾನನೂ ನಗುತ್ತ ಎತ್ತಿದ,
ಬೀದಿಯಲ್ಲಿ ಹೋಗುತ್ತಿದ್ದ ಚಹದ ಹುಡುಗ
ಪೊಲೀಸರಿರಬೇಕೆಂದು ತಾನೂ ಎತ್ತಿದ, ಚಹ ಚೆಲ್ಲಿತು.

ಖಲ್ಫಾನ್ ಹತ್ತಿ ಕೂತ. ಎಂಜಿನ್ನು ಕೀಚಲಿಲ್ಲ.
ಒಂದೇ ಬೆರಳಲ್ಲಿ ಈ ತುದಿಯಿಂದ ಆ ತುದಿಗೆ
ಸ್ಟೇರಿಂಗು ತಿರುಗಿಸಿ ತೋರಿಸಿದ.

ಮೀನು ಮತ್ರಾ ಪೇಟೆಗೆ ಹೋಯಿತು. ಒಂದು ಉಳಿಯಿತು,
ಬಾಗಿಲ ಬಳಿ, ಕಾಗದದಲ್ಲಿ ಸುತ್ತಿ.
ನೆಲದ ನೀರನ್ನು ಬೆಕ್ಕು ನೆಕ್ಕುತ್ತಿತ್ತು.
ಸುತ್ತಿಗೆಯನ್ನು ಮೊಳೆಗೆ ನೇತುಹಾಕುತ್ತ ಬೀರಣ್ಣ
ತಿರುಗದೇ ಕೇಳಿದ:
ಶಾರ್ಕು ಎಷ್ಟು ದೊಡ್ಡದಿತ್ತು ಉಸ್ತಾದ್?
ಜೇಬು ಮುಟ್ಟಿ ನೋಡಿಕೊಂಡೆ.
ಒಂದು ಕೀಲಿಯಷ್ಟು, ಅಂದೆ.